ಮಾವನ ಬಸ್ಸಿನ ಹಳದಿ ದೀಪ

ನಮ್ಮ ಸೋದರಮಾವ ಈ ಲೋಕದಲ್ಲಿ ನಂಬುವುದು ಎರಡನ್ನೇ. ಒಂದು ಜೇಬು, ಇನ್ನೊಂದು ಡಬಲ್ ಹೊಲಿಗೆ. ಹಾಗಾದರೆ ದೇವರು? ದಿನಾ ಬೆಳಗ್ಗೆ ವಿಭೂತಿ ಹಚ್ಚಿಕೊಂಡು ಲಿಂಗಪೂಜೆಗೆ ಕೂರುತ್ತಾರೆ, ಇಲ್ಲವೆನ್ನಲಾರೆ. ಆದರೆ ಕೂರುವ ಆಸನಕ್ಕೂ ಎರಡು ಜೇಬು ಹೊಲಿದಿದ್ದಾರೆ. ಒಂದರಲ್ಲಿ ವಿಭೂತಿಗಟ್ಟಿ, ಇನ್ನೊಂದರಲ್ಲಿ ಕನ್ನಡಕ. ಕೂಸು ಹುಟ್ಟಿದ ಕೂಡಲೇ ಯಾಕೆ ಅಳುತ್ತದೆ ಎಂದು ಒಮ್ಮೆ ನನ್ನನ್ನು ಕೇಳಿದ್ದರು. ನನಗೆ ಗೊತ್ತಿರಲಿಲ್ಲ. "ಮೈಮ್ಯಾಲ ಒಂದಾದ್ರೂ ಜೇಬು ಇಲ್ಲಲ್ಲ ಅಂತ" ಎಂದು ಅವರೇ ಉತ್ತರ ಹೇಳಿದರು.

ಇದನ್ನೆಲ್ಲ ಅವರು ತಮಾಷೆಗೆ ಹೇಳುತ್ತಾರೆ ಎಂದುಕೊಂಡರೆ ನೀವು ಕೆಟ್ಟಿರಿ. ರಾಯದುರ್ಗದಲ್ಲಿ ಮೂವತ್ತು ವರ್ಷ ಜೀನ್ಸ್ ಪ್ಯಾಂಟ್ ಹೊಲಿಸುವ ಶೆಡ್ಡು ನಡೆಸಿದವರು ಅವರು. ಶೆಡ್ಡನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಮೇಲೂ ಒಂದು ಮಿಷನ್ನನ್ನು ಮನೆಗೆ ತಂದಿಟ್ಟುಕೊಂಡರು. ಅಂದಿನಿಂದ ಮನೆಯಲ್ಲಿ ಸುಮ್ಮನೆ ಬಿದ್ದಿರುವ ಯಾವ ವಸ್ತುವಿಗೂ ರಕ್ಷಣೆಯಿಲ್ಲ. ಗ್ಯಾಸ್ ಸಿಲಿಂಡರಿಗೆ ಜೀನ್ಸ್ ಅಂಗಿ ಬಂತು. ನೀರಿನ ಕ್ಯಾನಿಗೆ ಬಂತು. ಟಿವಿ ರಿಮೋಟಿಗೆ ಬಂತು, ಅದಕ್ಕೆ ಹಿಂದುಗಡೆ ಒಂದು ಜೇಬು. ರಿಮೋಟಿನ ಜೇಬಿನಲ್ಲಿ ಏನಿಡಬೇಕು ಎಂದು ಅತ್ತೆ ಕೇಳಿದ್ದಕ್ಕೆ, "ಇರ್ಲಿ ಬಿಡು, ಮುಂದ ಬೇಕಾಗ್ತೈತಿ" ಎಂದರು.

ಅತ್ತೆ ಮಡಕಶಿರದ ಕಡೆಯವರು. ರಾಯದುರ್ಗಕ್ಕೆ ಬಂದು ನಲವತ್ತು ವರ್ಷವಾದರೂ ಮಾತು ಮಾತ್ರ ಅಲ್ಲಿಯದೇ ಉಳಿದಿದೆ. ಅವರಿಗೆ ಬೆನ್ನುಮೂಳೆಯ ಆಪರೇಷನ್ ಆಯಿತು. ಡಾಕ್ಟರು, ಅರ್ಧ ಗಂಟೆಗಿಂತ ಹೆಚ್ಚು ಕೂರಬಾರದು, ಮಲಗಿ ಎಲ್ಲಿಗೆ ಬೇಕಾದರೂ ಹೋಗಬಹುದು ಎಂದರು. ಮಲಗಿಕೊಂಡು ಎಲ್ಲಿಗೆ ಹೋಗುವುದು? ಆದರೆ ಅತ್ತೆಗೆ ಹೋಗಲೇಬೇಕಾದ ಜಾಗ ಒಂದಿತ್ತು. ಮಡಕಶಿರದಲ್ಲಿ ಅವರ ಅಕ್ಕ ಇದ್ದಾರೆ. ಅಕ್ಕನಿಗೆ ಕಣ್ಣು ಮಂಜು, ಕಿವಿ ಅದಕ್ಕಿಂತ ಮಂಜು. ಫೋನು ಮಾಡಿದರೆ ಈ ಕಡೆಯವರು ಯಾರೆಂದು ತಿಳಿಯುವುದರೊಳಗೆ "ನಮಗೇನೂ ಬೇಡಪ್ಪ" ಎಂದು ಇಟ್ಟುಬಿಡುತ್ತಾರೆ. ತಂಗಿ ಎದುರು ಕೂತು ಕೈ ಹಿಡಿದರೆ ಮಾತ್ರ ಮಾತು. ಹೀಗಾಗಿ ತಿಂಗಳಿಗೊಮ್ಮೆಯಾದರೂ ಅತ್ತೆ ಹೋಗಿಬರುತ್ತಿದ್ದರು. ಆಪರೇಷನ್ ಆದ ಮೇಲೆ ನಾಲ್ಕು ತಿಂಗಳು ಹೋಗಲಾಗಲಿಲ್ಲ. ಬಾಯಿಬಿಟ್ಟು ಏನೂ ಹೇಳಲಿಲ್ಲ. ಅತ್ತೆಯ ಸ್ವಭಾವವೇ ಅದು, ನೋವಾದರೂ ಹೇಳುವವರಲ್ಲ, ಆಸೆಯಾದರೂ ಹೇಳುವವರಲ್ಲ.

ಅಂಬುಲೆನ್ಸ್ ಮಾಡಿಕೊಂಡು ಹೋಗೋಣವೇ ಎಂದು ನಾನೇ ಒಮ್ಮೆ ಕೇಳಿದ್ದೆ.

"ಅಂಬುಲೆನ್ಸು ಮನೆ ಮುಂದೆ ನಿಂತ್ರೆ ಗಾಬರಿಬಿದ್ದು ನಮ್ಮಕ್ಕನೇ ಅದ್ರಲ್ಲಿ ಹೋಗ್ಬೇಕಾಗ್ತದೆ ಕಣಪ್ಪ" ಎಂದರು ಅತ್ತೆ.

ಆಗ ಮಾವ ಒಂದು ಕೆಲಸ ಮಾಡಿದರು. ಯಾರೋ ಟ್ರಾವೆಲ್ಸ್‌ನವರು ಮಾರಲಿಟ್ಟಿದ್ದ ಮಿನಿ ಬಸ್ಸನ್ನು ತಂದು ಮನೆ ಮುಂದೆ ನಿಲ್ಲಿಸಿದರು. ಸೀಟುಗಳನ್ನೆಲ್ಲ ಕಿತ್ತು ಹಾಕಿಸಿ ಒಂದು ಮಂಚ, ಒಂದು ಸಣ್ಣ ಅಡುಗೆ ಕಟ್ಟೆ, ನೀರಿನ ತೊಟ್ಟಿ ಕೂಡಿಸಿದರು. ಆರ್‌ಟಿಓ ಕಚೇರಿಗೆ ಎಷ್ಟು ಸಲ ಅಲೆದರೋ, ಅಂತೂ ಕಾಗದಪತ್ರವೂ ಸರಿಯಾಯಿತು. ಆಮೇಲೆ ಶುರುವಾಯಿತು ನೋಡಿ ಹೊಲಿಗೆ. ಕಿಟಕಿಯ ಪರದೆ ಜೀನ್ಸು, ಚಾವಣಿಯ ಒಳಮೈ ಜೀನ್ಸು, ಹಾಸಿಗೆ ಜೀನ್ಸು. ಹಾಸಿಗೆಯ ಸುತ್ತ ಹದಿನಾರು ಜೇಬುಗಳು. ಮಾತ್ರೆಗೆ, ನೀರಿನ ಬಾಟಲಿಗೆ, ಬಾಚಣಿಗೆಗೆ, ಎಲೆಯಡಿಕೆಗೆ, ಅಕ್ಕನಿಗೆ ಒಯ್ಯುವ ಬೆಲ್ಲದುಂಡೆಗೆ. ಮಲಗಿದವರು ಉರುಳದಂತೆ ಎರಡು ಅಗಲ ಪಟ್ಟಿಗಳನ್ನೂ ಹೊಲಿದರು. ಬಸ್ಸಿನ ಒಳಗೆ ಹೋದರೆ ಯಾವುದೋ ರಾಕ್ಷಸನ ಪ್ಯಾಂಟಿನೊಳಗೆ ಇಳಿದ ಹಾಗಾಗುತ್ತಿತ್ತು.

ಮೊದಲ ಸಲ ಮಡಕಶಿರಕ್ಕೆ ಹೊರಟಾಗಲೇ ಡ್ಯಾಷ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಹತ್ತಿತು. ಎಬಿಎಸ್ ದೀಪ. ಬ್ರೇಕನ್ನು ಜೋರಾಗಿ ಒತ್ತಿದಾಗ ಚಕ್ರ ಕಚ್ಚಿಕೊಂಡು ಗಾಡಿ ಜಾರದಂತೆ ನೋಡಿಕೊಳ್ಳುವ ಒಂದು ಏರ್ಪಾಡು ಇರುತ್ತದಲ್ಲ, ಅದು ಕೈಕೊಟ್ಟಿದೆ ಎಂದು ಹೇಳುವ ದೀಪ. ಬ್ರೇಕೇನೋ ಹಿಡಿಯುತ್ತದೆ. ಆದರೆ ಮಂಚದ ಮೇಲೆ ಬೆನ್ನು ಕೊಯ್ಯಿಸಿಕೊಂಡವರನ್ನು ಮಲಗಿಸಿಕೊಂಡು ಹೋಗುವಾಗ ಆ ದೀಪವನ್ನು ನೋಡಿಕೊಂಡು ಯಾರಿಗೆ ನೆಮ್ಮದಿ? ಸಾಲದ್ದಕ್ಕೆ ಅದು ಹತ್ತಿಯೇ ಇದ್ದರೆ ಒಂದು ಮಾತು. ಹತ್ತುತ್ತದೆ, ಕಾಲು ಗಂಟೆ ಇರುತ್ತದೆ, ಆರುತ್ತದೆ. ಮತ್ತೆ ಎಲ್ಲೋ ಹತ್ತುತ್ತದೆ.

ಮಾವ ಒಂದು ನೋಟ್‌ಬುಕ್ ಇಟ್ಟರು. ಜೀನ್ಸ್ ರಟ್ಟು, ಪೆನ್ನಿಗೆ ಜೇಬು. ದೀಪ ಹತ್ತಿದ ಜಾಗ, ಹೊತ್ತು, ಹವೆ, ಆ ದಿನ ತಿಂದ ತಿಂಡಿ ಎಲ್ಲ ಬರೆಯುತ್ತಿದ್ದರು. ಭೈರವಾನಿತಿಪ್ಪದ ಡ್ಯಾಮು ತೋರಿಸಲು ಅತ್ತೆಯನ್ನು ಕರೆದೊಯ್ದ ದಿನ ಹತ್ತಿತ್ತು, ಅವತ್ತು ಮೋಡವಿತ್ತು. ಕಲ್ಯಾಣದುರ್ಗದ ಹತ್ತಿರ ಹತ್ತಿದ ದಿನ ಮೋಡವಿರಲಿಲ್ಲ, ಆದರೆ ಎರಡೂ ದಿನ ಬೆಳಗ್ಗೆ ಮಂಡಕ್ಕಿಯ ಉಗ್ಗಾಣಿ ತಿಂದಿದ್ದರು. ಮುಂದಿನ ಸಲ ಉಗ್ಗಾಣಿ ಬಿಟ್ಟು ಉಪ್ಪಿಟ್ಟು ಮಾಡಿಸಿದರು. ದೀಪ ಹತ್ತಿತು. ಉಗ್ಗಾಣಿ ನಿರಪರಾಧಿ ಎಂದು ಬರೆದು ಕೆಳಗೆ ಗೆರೆ ಎಳೆದರು.

ಆಮೇಲೆ ಗಡಿಯ ಮೇಲೆ ಅನುಮಾನ ಬಂತು. ನಮ್ಮ ದಾರಿಯೇ ಹಾಗೆ. ಆಂಧ್ರದ ರಾಯದುರ್ಗದಿಂದ ಆಂಧ್ರದ ಮಡಕಶಿರಕ್ಕೆ ಹೋಗಲು ನಡುವೆ ಪಾವಗಡದಲ್ಲಿ ಕರ್ನಾಟಕವನ್ನು ದಾಟಬೇಕು.

"ರಾಜ್ಯ ಬದಲಾದದ್ದು ದೀಪಕ್ಕೆ ಹೇಗೆ ಗೊತ್ತಾಗುತ್ತೆ ಮಾವ?" ಎಂದೆ.

"ಫೋನಿಗೆ ಗೊತ್ತಾಗ್ತೈತಿ, ದೀಪಕ್ಕ ಯಾಕ ಗೊತ್ತಾಗಬಾರ್ದು ಅಳಿಯ?" ಎಂದರು.

ಮೆಕ್ಯಾನಿಕ್‌ಗಳ ಹತ್ತಿರ ಹೋಗಲಿಲ್ಲವೇ ಎಂದು ನೀವು ಕೇಳಬಹುದು. ಹೋಗದೆ ಇರುತ್ತಾರೆಯೇ. ರಾಯದುರ್ಗದ ಮೆಕ್ಯಾನಿಕ್ ತನ್ನ ಯಂತ್ರ ಸಿಕ್ಕಿಸಿ ನೋಡಿ, ಹಿಂದಿನ ಎಡ ಚಕ್ರದ ವೇಗ ಅಳೆಯುವ ಸೆನ್ಸರ್ ಎಂದ. ಹೊಸ ಸೆನ್ಸರ್ ಹಾಕಿದ. ದೀಪ ಹತ್ತಿತು. ಬಳ್ಳಾರಿಯವನೂ ಅದೇ ಚಕ್ರವನ್ನೇ ಹೇಳಿ, ಸೆನ್ಸರಿನೆದುರು ತಿರುಗುವ ಹಲ್ಲುಬಳೆಯನ್ನು ಬಿಚ್ಚಿ ತೊಳೆದು ಕೂಡಿಸಿದ. ದೀಪ ಹತ್ತಿತು. ವಿಚಿತ್ರವೆಂದರೆ ಶೆಡ್ಡಿನಲ್ಲಿ ನಿಂತಾಗ, ಮೆಕ್ಯಾನಿಕ್ ಓಡಿಸಿ ನೋಡಿದಾಗ, ಒಂದು ಸಲವೂ ಹತ್ತುತ್ತಿರಲಿಲ್ಲ. ಶೆಡ್ಡಿನ ಎಣ್ಣೆಯ ವಾಸನೆ ಅತ್ತೆಗೆ ಆಗುವುದಿಲ್ಲವೆಂದು ಮಾವ ಅವರನ್ನು ಮನೆಯಲ್ಲೋ ಬಳ್ಳಾರಿಯಲ್ಲಿರುವ ಮಗಳ ಮನೆಯಲ್ಲೋ ಇಳಿಸಿಯೇ ಶೆಡ್ಡಿಗೆ ಹೋಗುತ್ತಿದ್ದರು. ನಾಲ್ಕು ಗಂಟೆ ಕಾದು ಕಾದು ಮೆಕ್ಯಾನಿಕ್, "ಏಮೀ ಲೇದು ಸಾರ್, ಗಾಡಿ ಬಾಗುಂದಿ" ಎಂದು, ಗಾಡಿಗೆ ಏನೂ ಆಗಿಲ್ಲವೆಂದು ತೆಲುಗಿನಲ್ಲಿ ಹೇಳಿ ಕೈ ಒರೆಸಿಕೊಳ್ಳುತ್ತಿದ್ದ. ಅತ್ತೆ ಹತ್ತಿ ಮಲಗಿ ಮೂರು ಮೈಲಿ ಹೋಗುವುದರೊಳಗೆ ದೀಪ ಹಲ್ಲು ಕಿರಿಯುತ್ತಿತ್ತು.

ಬಳ್ಳಾರಿಯವನು ಒಂದು ಮಾತು ಹೇಳಿದ್ದನಂತೆ. "ಚಕ್ರದಿಂದ ಮುಂದಕ್ಕ ಹೋಗೋ ತಂತಿ ಒಮ್ಮಿ ಬಿಚ್ಚಿ ನೋಡಬೇಕ್ರಿ."

"ಅದನ್ನ ನೋಡೋದು ಬ್ಯಾಡ್ರಿ" ಎಂದರಂತೆ ಮಾವ. "ಅದಕ್ಕ ನಾನೇ ಹೊಲಿಗಿ ಹಾಕೀನಿ."

ನಡೆದದ್ದೇನೆಂದರೆ, ನೀರಿನ ತೊಟ್ಟಿ ಕೂಡಿಸುವಾಗ ಅಡ್ಡ ಬಂದ ತಂತಿಗಳನ್ನು ಮೇಲಕ್ಕೆಳೆದು ಮಂಚದ ಕೆಳಗಿನಿಂದ ಹಾಯಿಸಿದ್ದರು. ಅವು ಜೋತಾಡುವುದನ್ನು ನೋಡಲಾಗದೆ ಮಾವ ಒಂದು ಉದ್ದ ಜೀನ್ಸ್ ತೋಳು ಹೊಲಿದು, ತಂತಿಗಳನ್ನು ಅದರೊಳಗೆ ಸೇರಿಸಿ, ಅಲ್ಲಾಡದಂತೆ ಅಲ್ಲಲ್ಲಿ ದಬ್ಬಳದಿಂದ ಕೈಹೊಲಿಗೆ ಹಾಕಿ ಮಂಚದ ಹಲಗೆಗೆ ಬಿಗಿದಿದ್ದರು. ಮೂವತ್ತು ವರ್ಷದಲ್ಲಿ ಅವರ ಹೊಲಿಗೆ ಬಿಚ್ಚಿತೆಂದು ಒಂದು ಪ್ಯಾಂಟೂ ವಾಪಸು ಬಂದಿರಲಿಲ್ಲ. ಅಂಥ ಹೊಲಿಗೆಯನ್ನು ಅನುಮಾನಿಸುವುದೆಂದರೇನು?

ಕೊನೆಗೆ ಮಾವ ವೈಜ್ಞಾನಿಕ ಪರೀಕ್ಷೆಗೆ ಇಳಿದರು. ತೂಕ ಹೆಚ್ಚಾದರೆ ಹತ್ತುತ್ತದೋ ಏನೋ ಎಂದು, ಅತ್ತೆಯನ್ನು ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿದರು. ಅಷ್ಟೇ ತೂಕದ ಕಡಲೆಕಾಯಿಯನ್ನು ಮೂಟೆಗಳಲ್ಲಿ ತುಂಬಿ, ಮಂಚದ ಮೇಲೆ ಮಲಗಿಸಿ, ಪಟ್ಟಿ ಬಿಗಿದು, ಕಲ್ಯಾಣದುರ್ಗದವರೆಗೆ ಹೋಗಿ ಬಂದರು. ದೀಪ ಹತ್ತಲಿಲ್ಲ. ಮೂಟೆ ಇಳಿಸಿ ಅತ್ತೆಯನ್ನು ಮಲಗಿಸಿಕೊಂಡು ಅದೇ ದಾರಿಯಲ್ಲಿ ಹೊರಟರು. ಹತ್ತಿತು. ಮಾವ ನೋಟ್‌ಬುಕ್ ತೆಗೆದು, ಯಾವ ದುರುದ್ದೇಶವೂ ಇಲ್ಲದೆ, ಶುದ್ಧ ಸಂಶೋಧಕನಂತೆ ಬರೆದರು: ಕಾರಣ, ಹೆಂಡತಿ.

ಅದನ್ನು ಅತ್ತೆ ಓದಿದರು.

"ಮುಂದಿನ್ ಸಲ ಕಡ್ಲೇಕಾಯಿ ಮೂಟೇನೇ ಕರ್ಕಂಡೋಗ್ರಿ ನಮ್ಮಕ್ಕನ ಮನೆಗೆ" ಎಂದರು. "ಅಕ್ಕನ ಕೈ ಹಿಡ್ಕಂಡು ಅದೇ ಮಾತಾಡ್ಲಿ."

"ಹಾಂಗಲ್ಲ ಅದು, ಲೆಕ್ಕಾಚಾರಕ್ಕ ಬರದದ್ದು..."

"ನನ್ ಕಂಡ್ರೆ ದೀಪಕ್ಕೂ ಆಗಲ್ಲ ಅಂದ್ರೆ ನಾನ್ಯಾಕೆ ಬರ್ಲಿ?"

ಹದಿನೈದು ದಿನ ಅತ್ತೆ ಬಸ್ಸಿನ ಕಡೆ ತಿರುಗಿ ನೋಡಲಿಲ್ಲ. ಅಷ್ಟರಲ್ಲಿ ವಿಷಯ ಬಳ್ಳಾರಿಯ ಮಗಳಿಗೆ ಮುಟ್ಟಿತು. ಆಸ್ಪತ್ರೆಯಲ್ಲಿ ನರ್ಸು ಆಕೆ. ಬ್ರೇಕು ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ದಿನವೂ ನೋಡುವವಳು. ಒಂದು ಭಾನುವಾರ ಬಂದು ಅಪ್ಪನ ಎದುರು ಕೂತಳು.

"ಅಪ್ಪ, ಗಾಡಿ ಮಾರಿಬಿಡು. ಟಿಫಿನ್ ಬಸ್ ಮಾಡಾಕ ಒಬ್ಬರು ಕೇಳಾಕತ್ತಾರ. ಅಮ್ಮ ದೊಡ್ಡಮ್ಮನ್ನ ನೋಡದಿದ್ರೂ ಅಡ್ಡಿಯಿಲ್ಲ, ದಾರಿಯಾಗ ಏನಾದ್ರೂ ಆದ್ರ ಏನು ಮಾಡ್ತಿ?"

ಮಾವ ಮಿಷನ್ನಿನ ಚಕ್ರವನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿದರು. ಆಮೇಲೆ, "ಇನ್ನ ಒಂದು ಸಲ ಹೋಗಿ ಬರ್ತೀನವ್ವ. ಹತ್ತಿದ್ರ ಮಾರ್ತೀನಿ" ಎಂದರು.

ಮಗಳು ಅಲ್ಲೇ ಕೂತಿದ್ದ ನನ್ನ ಕಡೆ ತಿರುಗಿದಳು. "ನೀನು ಜೊತಿಗೆ ಹೋಗು. ಹತ್ತಿದ್ರ ಫೋನ್ ಮಾಡು. ಅಪ್ಪ ಮರೀಬಹುದು, ನೀನು ಮರೀಬ್ಯಾಡ."

ಅಂತೂ ದೀಪದ ಸಾಕ್ಷಿಯಾಗಿ ನಾನು ಬಸ್ಸು ಹತ್ತಿದೆ. ಅತ್ತೆ ಬಂದರೇ ಎಂದರೆ, ಬಂದರು. ಅಕ್ಕನನ್ನು ಇದೇ ಕೊನೆಯ ಸಲ ನೋಡುವುದೋ ಏನೋ ಎಂದು ಬಂದರು. ಬೆಲ್ಲದುಂಡೆಯನ್ನು ಜೇಬಿಗಿಟ್ಟು, ಪಟ್ಟಿ ಬಿಗಿದುಕೊಂಡು, "ನಾನೂ ಇವತ್ತು ಮೂಟೆ ಥರಾನೇ ಮಲಗ್ತೀನಿ ಕಣಪ್ಪ. ಮಿಸುಕಾಡಲ್ಲ" ಎಂದು ನನಗೆ ಹೇಳಿ ಬಲ ಮಗ್ಗುಲಿಗೆ ಮಲಗಿದರು.

ಕಲ್ಯಾಣದುರ್ಗ ದಾಟಿತು. ದೀಪವಿಲ್ಲ. ಕರ್ನಾಟಕದ ಬೋರ್ಡು ದಾಟಿತು. ನನ್ನ ಫೋನು ಸ್ವಾಗತ ಕೋರಿತು, ದೀಪ ಕೋರಲಿಲ್ಲ. ಮಾವ ಸ್ಟೀರಿಂಗನ್ನು ಎರಡೂ ಕೈಯಿಂದ ಹಿಡಿದು, ಉಸಿರು ಬಿಟ್ಟರೆ ಎಲ್ಲಿ ಹತ್ತಿಬಿಡುತ್ತದೋ ಎಂಬಂತೆ ಕೂತಿದ್ದರು. ನಾನೂ ಜೀವಮಾನದಲ್ಲಿ ಯಾವ ವಸ್ತುವನ್ನೂ ಅಷ್ಟು ಹೊತ್ತು ಎವೆಯಿಕ್ಕದೆ ನೋಡಿದವನಲ್ಲ. ಪಾವಗಡ ಹಿಂದೆ ಬಿತ್ತು. ಇನ್ನೇನು ಗಂಟೆಯೊಳಗೆ ಊರು.

ಹತ್ತಿತು.

ಮಾವ ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದರು. ನಾನು ಕಿಟಕಿಯಾಚೆ ನೋಡಿದೆ. ದೀಪ ನೋಡಲಿಲ್ಲವೆಂದು ಹೇಳಲು ಸಾಧ್ಯವೇ ಎಂದು ಯೋಚಿಸುತ್ತಿದ್ದೆ, ನಿಜ ಹೇಳುತ್ತೇನೆ.

"ಫೋನ್ ಮಾಡು ಅಳಿಯ" ಎಂದರು. "ಹತ್ತಿತು ಅಂತ ಹೇಳು."

"ಸಿಗ್ನಲ್ ಇಲ್ಲ ಮಾವ."

"ಈಗಷ್ಟೇ ಟಿಣ್ ಅಂತು ನಿನ್ನ ಫೋನು. ಮಾಡು."

ಹಿಂದಿನಿಂದ ಅತ್ತೆಯ ದನಿ ಬಂತು. "ಯಾಕೆ ನಿಲ್ಸಿದ್ರಿ?"

"ಹತ್ತಿತು."

"ಅಯ್ಯೋ ಶಿವನೇ. ಇಷ್ಟೊತ್ತೂ ಮಿಸುಕಾಡ್ದೆ ಮಲಗಿದ್ನಲ್ಲ. ಸೊಂಟ ಹಿಡ್ಕಂಡು ತಡಿಯೋಕಾಗ್ದೆ ಈಗಿನ್ನೂ ಎಡ ಮಗ್ಗುಲಿಗೆ ಹೊರಳಿದ್ದು."

ಮಾವ ನಿಧಾನವಾಗಿ ತಿರುಗಿದರು. ಅವರ ಮುಖವನ್ನು ನೀವು ಆಗ ನೋಡಬೇಕಾಗಿತ್ತು. ಶೆಡ್ಡಿನ ದಿನಗಳಲ್ಲಿ ಹೊಸ ಅಳತೆಯ ಪ್ಯಾಂಟು ತಯಾರಾದಾಗ ಅದನ್ನು ಒಬ್ಬನಿಗೆ ಹಾಕಿಸಿ, ಕೂರಿಸಿ, ಏಳಿಸಿ, ಕುಕ್ಕರಗಾಲಲ್ಲಿ ಕೂರಿಸಿ ನೋಡುತ್ತಿದ್ದವರು ಅವರು, ಈಗಲೂ ಅದೇ ನೋಟ. 

"ಪ್ಯಾಂಟು ಗೂಟಕ್ಕ ಹಾಕಿದ್ರ ಹರಿಯಲ್ಲ ಅಳಿಯ" ಎಂದರು. "ಹಾಕ್ಕೊಂಡವ ಕುಂತ್ರ ಹರಿತೈತಿ. ಮೂಟಿ ಎಲ್ಲಿ ಮಗ್ಗಲು ಬದಲಿಸ್ತೈತಿ?" ಆಮೇಲೆ ಹಿಂದಕ್ಕೆ ಕೂಗಿದರು. "ಬಲಕ್ಕ ಹೊರಳು ನೋಡಾಣ."

ಅತ್ತೆ ಬಲಕ್ಕೆ ಹೊರಳಿದರು. ಕೀ ತಿರುಗಿಸಿದರೆ ದೀಪವಿಲ್ಲ.

"ಎಡಕ್ಕ."

ಹತ್ತಿತು.

"ಬಲಕ್ಕ."

ಆರು ಸಲ ಹೊರಳಿಸಿದರು. ಆರು ಸಲವೂ ದೀಪ ಅತ್ತೆಯ ಮಾತು ಕೇಳಿತು. ಮರದ ಕೆಳಗೆ ಕುರಿ ಬಿಟ್ಟುಕೊಂಡು ನಿಂತಿದ್ದವನೊಬ್ಬ ಕಿಟಕಿಯಲ್ಲಿ ಇಣುಕಿ, "ಯಾಕಣ್ಣ, ಅಮ್ಮಂಗೆ ಹಿಂಗೆ ಕಾಟ ಕೊಡ್ತೀರ?" ಎಂದು ಕೇಳಿದ.

"ನಲವತ್ತು ವರ್ಷದಿಂದ ಹಿಂಗೇ ಕಣಪ್ಪ" ಎಂದು ಅತ್ತೆ ಒಳಗಿನಿಂದಲೇ ಉತ್ತರ ಕೊಟ್ಟರು.

ಮಡಕಶಿರದ ಮೆಕ್ಯಾನಿಕ್ ಶೆಡ್ಡಿನಲ್ಲಿ ಈ ಸಲ ಅತ್ತೆ ಇಳಿಯಲಿಲ್ಲ. ಮೂಗಿಗೆ ಸೆರಗು ಹಿಡಿದು ಮಲಗಿಯೇ ಇದ್ದರು. ಮೆಕ್ಯಾನಿಕ್ ಮಂಚದ ಕೆಳಗೆ ತಲೆ ತೂರಿಸಿ ಬ್ಯಾಟರಿ ಬಿಟ್ಟ. ಎಡಕ್ಕೆ ಹೊರಳಿದರೆ ಹಲಗೆ ಒಂದಿಷ್ಟು ಬಾಗಿ ಜೀನ್ಸಿನ ತೋಳನ್ನು ಎಳೆಯುತ್ತಿತ್ತು. ಆತ ಕತ್ತರಿ ಹಾಕಲು ಹೋದಾಗ ಮಾವ ತಡೆದರು. ತಾವೇ ಮಂಡಿಯೂರಿ, ಬ್ಲೇಡಿನಿಂದ ಒಂದೊಂದೇ ಎಳೆ ಬಿಚ್ಚಿದರು. ಒಳಗೆ ನೋಡಿದರೆ ದಬ್ಬಳ ಬಟ್ಟೆಯ ಜೊತೆ ತಂತಿಯನ್ನೂ ತೂರಿಕೊಂಡು ಹೋಗಿತ್ತು. ತಾಮ್ರದ ಎಳೆಗಳು ತುಂಡಾಗಿ ಒಂದೆರಡರ ಮೇಲೆ ಜೀವ ಹಿಡಿದಿದ್ದವು.

"ಹೊಲಿಗೆ ಬಾಳ ಗಟ್ಟಿ ಐತೆ ಸಾರ್" ಎಂದ ಮೆಕ್ಯಾನಿಕ್, ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು. "ತಂತಿನೇ ಸೋತೈತೆ."

ಅರ್ಧ ಗಂಟೆಯಲ್ಲಿ ಹೊಸ ತಂತಿ ಬಂತು, ಚಕ್ರದ ಕಡೆಯಿಂದ ಬೇರೆ ದಾರಿ ಹಿಡಿಯಿತು. ಅತ್ತೆ ಎಡಕ್ಕೂ ಬಲಕ್ಕೂ ಹೊರಳಿದರು. ದೀಪ ಕಣ್ಣು ಬಿಡಲಿಲ್ಲ. ನಾನು ಬಳ್ಳಾರಿಗೆ ಫೋನು ಮಾಡಿ, ಹತ್ತಿದ್ದನ್ನೂ ಹೇಳಿದೆ, ಆರಿದ್ದನ್ನೂ ಹೇಳಿದೆ. ಮಗಳು ಮೆಕ್ಯಾನಿಕ್‌ಗೇ ಫೋನು ಕೊಡಿಸಿ ಎರಡೆರಡು ಸಲ ಕೇಳಿ, ಆಮೇಲೆ "ಆಯ್ತು, ಇರ್ಲಿ" ಎಂದಳು. ಬಸ್ಸು ಉಳಿಯಿತು.

ಮಾವ ನೋಟ್‌ಬುಕ್ ತೆಗೆದು 'ಹೆಂಡತಿ' ಎಂಬುದನ್ನು ಹೊಡೆದು ಪಕ್ಕದಲ್ಲಿ 'ನಾನು' ಎಂದು ಬರೆದರು. ಅತ್ತೆ ಅದನ್ನು ಈಸಿಕೊಂಡು ಓದಿ, ಅಕ್ಕನ ಮನೆ ತಲುಪಿದ ಮೇಲೆ ಅಕ್ಕನ ಕಿವಿಗೆ ಬಾಯಿಟ್ಟು ಗಟ್ಟಿಯಾಗಿ ಅದನ್ನೇ ಮೊದಲು ಓದಿ ಹೇಳಿದರು. ಅಕ್ಕನಿಗೆ ಏನು ಕೇಳಿಸಿತೋ. ತಂಗಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಹೂಂ, ಹೂಂ" ಎಂದು ನಗುತ್ತಿದ್ದರು.

ಇದಾಗಿ ಮೂರು ತಿಂಗಳ ಮೇಲೆ ಮತ್ತೊಮ್ಮೆ ಅವರ ಜೊತೆ ಹೊರಟಿದ್ದೆ. ಕಲ್ಯಾಣದುರ್ಗ ದಾಟುತ್ತಲೇ ಕಣ್ಣಿಗೆ ಬಿತ್ತು. ಡ್ಯಾಷ್‌ಬೋರ್ಡಿನ ಮೇಲೆ ಹಳದಿ ದೀಪ.

"ಮಾವ, ಮತ್ತೆ ಹತ್ತಿದೆ."

"ಅದು ಅದಲ್ಲ. ಸರಿಯಾಗಿ ನೋಡು."

ನೋಡಿದೆ. ಎಬಿಎಸ್ ದೀಪ ಆರಿಯೇ ಇತ್ತು. ಅದರ ಪಕ್ಕದಲ್ಲಿ, ಹಬ್ಬಕ್ಕೆ ಹಾಕುವ ದೀಪದ ಸರದಿಂದ ಕಿತ್ತ ಒಂದು ಸಣ್ಣ ಹಳದಿ ಬಲ್ಬು. ಅದಕ್ಕೊಂದು ಪುಟ್ಟ ಜೀನ್ಸ್ ಕೋಟು. ತಂತಿ ಹಿಂದಕ್ಕೆ ಮಂಚದ ಕಡೆ ಹೋಗಿತ್ತು, ಹೊಲಿಗೆಯಿಲ್ಲದೆ, ಸಡಿಲವಾಗಿ.

"ಹಾಸಿಗಿ ಎಡಗಡೆ ಜೇಬಿನಾಗ ಕಾಲಿಂಗ್ ಬೆಲ್ಲಿನ ಸ್ವಿಚ್ಚು ಇಟ್ಟೀನಿ" ಎಂದರು ಮಾವ, ರಸ್ತೆಯ ಮೇಲಿನ ಕಣ್ಣು ತೆಗೆಯದೆ. "ಆ ದೀಪ ರಿಪೇರಿ ಆದಮ್ಯಾಲ ಗಾಡಿ ಓಡ್ಸಾಕ ಮನಸ್ಸೇ ಬರವಲ್ದು. ಹಿಂದ ತಿರುಗಿ ನೋಡಂಗಿಲ್ಲ. ಕೂಗಿದ್ರ ನಿದ್ದಿ ಕೆಡ್ತೈತಿ. ನಿಮ್ಮತ್ತಿ ಬಾಯಿಬಿಟ್ಟು ಹೇಳಾಕಿ ಅಲ್ಲ, ನಿನಗೂ ಗೊತ್ತೈತಿ. ಇದು ಹತ್ತಿದ್ರ ಹೊರಳಿದ್ಲು ಅಂತ. ಅದಾಳ ಅಂತ."

ಬಲ್ಬು ಆರಿತು. ಆಮೇಲೆ ಬಹಳ ಹೊತ್ತು ಹತ್ತಲಿಲ್ಲ. ಬಸ್ಸು ತನ್ನಷ್ಟಕ್ಕೆ ನಿಧಾನವಾದದ್ದು ನನಗೆ ತಿಳಿಯಿತು. ಮಾವನ ಕಾಲು ಪೆಡಲಿನಿಂದ ಮೇಲೆ ಬಂದಿತ್ತು. ಮತ್ತೆ ಬಲ್ಬು ಹತ್ತಿತು, ಬಸ್ಸು ವೇಗ ಹಿಡಿಯಿತು.

ಮಡಕಶಿರದಲ್ಲಿ ಅತ್ತೆಯನ್ನು ಕೈಹಿಡಿದು ಇಳಿಸುವಾಗ, ಈಗ ಬೆನ್ನು ಹೇಗಿದೆ, ಬಹಳ ಹೊರಳುತ್ತಿದ್ದಿರಲ್ಲ ಎಂದು ಕೇಳಿದೆ. ಅತ್ತೆ ಮಾವನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಬೆನ್ನು ಚೆನ್ನಾಗೈತೆ ಕಣಪ್ಪ. ಬಲ ಮಗ್ಗುಲೇ ನಂಗೆ ಹಿತ. ಆದ್ರೂ ಅಷ್ಟಷ್ಟೊತ್ತಿಗೆ ಒಂದ್ಸಲ ಎಡಕ್ಕೆ ಹೊರಳ್ತೀನಿ. ಪಾಪ, ರಸ್ತೆ ನೋಡ್ಕಂಡು ಓಡಿಸ್ಲಿ ಅಂತ."